ದಿಕ್ಸೂಚಿ ಮೋಟಾರು ಏರಿದ ಕಥೆ

ಮುಂಬಯಿಯಲ್ಲಿ ಬಾಳುವ ನಮ್ಮಂಥವರಿಗೆ ಪೂರ್ವ, ಪಶ್ಚಿಮ ಎಂದರೆ ರೈಲು ಹಳಿಯ ಆಚೆ, ಈಚೆ ಎಂದಷ್ಟೇ ಅರ್ಥ. ಅಂಧೇರಿ ಪೂರ್ವ, ಮುಲುಂಡ ಪಶ್ಚಿಮ ಎಂದು ವಿಳಾಸ ಬರೆಯುವ ಕೈಗೆ ಸೂರ್ಯ ಎತ್ತ ಹುಟ್ಟುತ್ತಾನೆಂಬ ವಿಚಾರ ಬೇಕಾಗುವುದಿಲ್ಲ. ಊರಿನಲ್ಲಿದ್ದ ನಮ್ಮ ಹಿರಿಯರು ಮೂಡಣ ಹೊಲ, ಪಡುವಣ ಕೇರಿ, ಬಡಗಣ ಬಾಗಿಲು, ತೆಂಕಣ ಗಾಳಿ ಎಂದು ದಿಕ್ಕನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದರು. ನಮಗೋ ಎತ್ತರದ ಕಟ್ಟಡಗಳ ನಡುವೆ ಎರಡು ತಿರುವು ತಿರುಗಿದರೆ ಸಾಕು, ದಿಕ್ಕು ತಪ್ಪುತ್ತದೆ.

ಈ ಕಾರಣಕ್ಕೋ, ಬರಿಯ ಹವ್ಯಾಸಕ್ಕೋ, ಹಳೆಯ ಕಾರುಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿರುವ ಕೆಲವರು ಅವುಗಳಿಗೆ ಎಲೆಕ್ಟ್ರಾನಿಕ್ ದಿಕ್ಸೂಚಿಯನ್ನು ಅಳವಡಿಸಿಕೊಳ್ಳುವುದುಂಟು. ಉಗುರಿನಷ್ಟು ಅಗಲದ ಒಂದು ಬಿಲ್ಲೆ, ನಾಲ್ಕಾರು ತಂತಿ, ಒಂದು ಪುಟ್ಟ ಪರದೆ. ನೋಡಿದರೆ ಅರ್ಧ ದಿನದ ಕೆಲಸ. ಆದರೆ ಕೂರಿಸಿದ ಮೇಲೆ ನೋಡಿದರೆ, ಕಾರು ಎತ್ತ ಮುಖ ಮಾಡಿದರೂ ಪರದೆಯ ಮೇಲೆ ಒಂದೇ ದಿಕ್ಕು ಕಾಣುವ ಸಂಭವವುಂಟು! ಬಿಲ್ಲೆ ಕೆಟ್ಟಿದೆಯೆಂದು ಅದನ್ನು ಎಸೆಯುವ ಮುನ್ನ ಇತಿಹಾಸದ ಕೆಲವು ಪುಟಗಳನ್ನು ತಿರುವಿ ಹಾಕುವುದು ಒಳ್ಳೆಯದು. ದಿಕ್ಸೂಚಿಯನ್ನು ವಾಹನದೊಳಗೆ ಇಟ್ಟೊಡನೆ ಆ ವಾಹನವೇ ಅದಕ್ಕೆ ಸುಳ್ಳು ಹೇಳತೊಡಗುತ್ತದೆ. ಈ ಸಂಗತಿಯನ್ನು ಅರಿತುಕೊಳ್ಳಲು ಮನುಷ್ಯನಿಗೆ ನೂರಾರು ವರ್ಷ ಹಿಡಿಯಿತು. ನೂರಾರು ಜೀವಗಳೂ ಹೋದವು.

ಸೂಜಿಯಿಲ್ಲದ ರಥ

ವಾಹನಕ್ಕೆ ದಿಕ್ಕು ತೋರುವ ಸಾಧನವನ್ನು ಜೋಡಿಸುವ ಆಸೆ ಬಹಳ ಹಳೆಯದು. ಕ್ರಿ.ಶ. ಮೂರನೆಯ ಶತಮಾನದಲ್ಲಿ ಚೀನಾದ ವೇಯ್ ರಾಜ್ಯದಲ್ಲಿದ್ದ ಮಾ ಜುನ್ ಎಂಬ ಯಂತ್ರಜ್ಞ ‘ದಕ್ಷಿಣ ತೋರುವ ರಥ’ವನ್ನು ಕಟ್ಟಿದನೆಂದು ಆ ದೇಶದ ಇತಿಹಾಸ ಹೇಳುತ್ತದೆ. ರಥದ ಮೇಲೆ ಕೈಚಾಚಿ ನಿಂತ ಒಂದು ಬೊಂಬೆ. ರಥ ಎತ್ತ ತಿರುಗಿದರೂ ಬೊಂಬೆಯ ಕೈ ಮಾತ್ರ ದಕ್ಷಿಣಕ್ಕೇ. ಇದರಲ್ಲಿ ಅಯಸ್ಕಾಂತವಿರಲಿಲ್ಲ. ಎಡ ಬಲ ಚಕ್ರಗಳ ಸುತ್ತಿನ ವ್ಯತ್ಯಾಸವನ್ನು ಹಲ್ಲುಚಕ್ರಗಳು ಲೆಕ್ಕಹಾಕಿ, ರಥ ತಿರುಗಿದಷ್ಟೇ ಬೊಂಬೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದವು. ಚಕ್ರ ಸ್ವಲ್ಪ ಜಾರಿದರೂ ತಪ್ಪು ಉಳಿದುಬಿಡುತ್ತಿತ್ತು; ಮೈಲಿ ಮೈಲಿಗೂ ಅದು ಬೆಳೆಯುತ್ತಲೇ ಹೋಗುತ್ತಿತ್ತು.

ಸೂಜಿಗಲ್ಲಿಗೆ ಉಜ್ಜಿದ ಸೂಜಿಯ ವಿಚಾರವನ್ನು ಸ್ಪಷ್ಟವಾಗಿ ಬರೆದಿಟ್ಟವನು ಅದೇ ದೇಶದ ಶೆನ್ ಕುವೊ. 1088ರ ಸುಮಾರಿನ ತನ್ನ ಗ್ರಂಥದಲ್ಲಿ ಅವನು, ಸೂಜಿ ನೇರ ದಕ್ಷಿಣವನ್ನು ತೋರದೆ ತುಸು ಓರೆಯಾಗಿ ನಿಲ್ಲುತ್ತದೆಂದೂ ಗುರುತಿಸಿದ್ದಾನೆ. ಭೂಮಿಯ ಕಾಂತ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಈ ಅಂತರವನ್ನು ನಾವು ದಿಕ್ಪಾತ ಎನ್ನೋಣ. ಇದು ಭೂಮಿಯ ಲಕ್ಷಣ. ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಆದರೆ ಒಂದು ಊರಿನಲ್ಲಿ ಒಂದು ಕಾಲಕ್ಕೆ ಎಲ್ಲರಿಗೂ ಒಂದೇ. ನಮ್ಮ ಕಥೆಯ ಖಳನಾಯಕ ಇದಲ್ಲ.

ವಸಾಯಿಯ ಬಳಿ ಕಂಡ ಸೋಜಿಗ

ಖಳನಾಯಕನ ಸುಳಿವು ಮೊದಲು ಹತ್ತಿದ್ದು ಭಾರತಕ್ಕೆ ಬರುತ್ತಿದ್ದ ಒಂದು ಹಡಗಿನಲ್ಲಿ. ಪೋರ್ಚುಗೀಸ್ ನಾವಿಕ ಜೊವಾವ್ ದ ಕಾಸ್ತ್ರೊ 1538ರಲ್ಲಿ ಲಿಸ್ಬನ್ನಿನಿಂದ ಗೋವೆಗೆ ಹೊರಟವನು, ದಾರಿಯುದ್ದಕ್ಕೂ ಸೂಜಿಯನ್ನು ಪರೀಕ್ಷಿಸುತ್ತಲೇ ಬಂದ. ಹಡಗಿನ ಮೇಲಿನ ಫಿರಂಗಿಯ ಕಬ್ಬಿಣ ಸಮೀಪದಲ್ಲಿದ್ದರೆ ಸೂಜಿ ಕದಲುತ್ತದೆಂದು ಅವನು ಗುರುತು ಹಾಕಿಕೊಂಡ. ಅದೇ ವರ್ಷದ ಕೊನೆಗೆ ನಮ್ಮ ವಸಾಯಿಯ ಬಳಿ, ಹತ್ತಿರ ಹತ್ತಿರದ ಜಾಗಗಳಲ್ಲೇ ಸೂಜಿ ಬೇರೆ ಬೇರೆ ದಿಕ್ಕು ತೋರುವುದನ್ನು ಕಂಡು, ಇದು ಅಲ್ಲಿನ ಬಂಡೆಗಳ ಪ್ರಭಾವವಿರಬೇಕೆಂದು ಊಹಿಸಿದ. ದಖ್ಖನಿನ ಕಪ್ಪುಶಿಲೆಯಲ್ಲಿ ಕಾಂತಗುಣವುಳ್ಳ ಕಬ್ಬಿಣದ ಅಂಶವಿರುವುದು ಈಗ ಎಲ್ಲರಿಗೂ ತಿಳಿದ ವಿಷಯ. ಮುಂದೆ ಗೋವೆಯ ವೈಸರಾಯನಾದ ಈತನ ಟಿಪ್ಪಣಿಗಳನ್ನು ಆ ಕಾಲದ ನಾವಿಕರು ಗಮನಿಸಿದಂತೆ ತೋರುವುದಿಲ್ಲ. ಮರದ ಹಡಗುಗಳ ಯುಗದಲ್ಲಿ ತಪ್ಪು ಸಣ್ಣದಿತ್ತು, ಹೇಗೋ ಸಾಗುತ್ತಿತ್ತು.

1801ರಿಂದ 1803ರವರೆಗೆ ಆಸ್ಟ್ರೇಲಿಯದ ಕರಾವಳಿಯನ್ನು ಅಳೆದ ಮ್ಯಾಥ್ಯೂ ಫ್ಲಿಂಡರ್ಸ್ ಈ ತಪ್ಪಿಗೂ ಒಂದು ಕ್ರಮವಿದೆಯೆಂದು ಕಂಡುಹಿಡಿದ. ‘ಇನ್ವೆಸ್ಟಿಗೇಟರ್’ ಹಡಗಿನ ಮೂತಿ ಪೂರ್ವಕ್ಕಿದ್ದಾಗ ಸೂಜಿ ಒಂದು ಕಡೆಗೆ ವಾಲಿದರೆ, ಪಶ್ಚಿಮಕ್ಕಿದ್ದಾಗ ಅದರ ವಿರುದ್ಧ ಕಡೆಗೆ ವಾಲುತ್ತಿತ್ತು. ಭೂಮಧ್ಯರೇಖೆಯ ಉತ್ತರದಲ್ಲಿ ಒಂದು ರೀತಿ, ದಕ್ಷಿಣದಲ್ಲಿ ಅದಕ್ಕೆ ತದ್ವಿರುದ್ಧ. ಊರಿಗೆ ಮರಳುವಾಗ ಅವನು ಮಾರಿಷಸ್‌ನಲ್ಲಿ ಫ್ರೆಂಚರ ಸೆರೆಯಾಳಾದ. ಸೆರೆಯಲ್ಲೇ ಈ ವಿಷಯವನ್ನು ಪ್ರಬಂಧವಾಗಿ ಬರೆದು ಕಳುಹಿಸಿದ. 1805ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದನ್ನು ಓದಲಾಯಿತು. ವಾಹನದ ಕಬ್ಬಿಣದಿಂದ ಸೂಜಿಗೆ ಬರುವ ಈ ಓರೆಗೆ ವಿಚಲನೆ ಎಂದು ಹೆಸರು. ಇದನ್ನು ತಗ್ಗಿಸಲು ದಿಕ್ಸೂಚಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸುವ ಮೆದು ಕಬ್ಬಿಣದ ಸಲಾಕೆಯನ್ನು ಇಂದಿಗೂ ಫ್ಲಿಂಡರ್ಸ್ ಸಲಾಕೆ ಎಂದೇ ಕರೆಯುತ್ತಾರೆ.

ಇಡೀ ಹಡಗೇ ಅಯಸ್ಕಾಂತ

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳನ್ನು ಕಬ್ಬಿಣದಿಂದಲೇ ಕಟ್ಟತೊಡಗಿದಾಗ ಪೇಚು ಬೆಳೆದು ಬೆಟ್ಟವಾಯಿತು. ಹಡಗನ್ನು ಕಟ್ಟುವಾಗ ಅದು ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮುಖಮಾಡಿ ಮಲಗಿರುತ್ತದೆ. ಲಕ್ಷಾಂತರ ಸುತ್ತಿಗೆಯ ಏಟು ಬೀಳುತ್ತಿರುವಾಗ ಭೂಮಿಯ ಕಾಂತಕ್ಷೇತ್ರ ಮೆಲ್ಲನೆ ಅದರ ಮೈಯಲ್ಲಿ ಸೇರಿಕೊಳ್ಳುತ್ತದೆ. ಹೀಗೆ ಇಡೀ ಹಡಗೇ ಒಂದು ದೊಡ್ಡ ಅಯಸ್ಕಾಂತವಾಗಿ ನೀರಿಗಿಳಿಯುತ್ತದೆ.

1838ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ‘ರೈನ್‌ಬೋ’ ಎಂಬ ಕಬ್ಬಿಣದ ಉಗಿಹಡಗನ್ನು ಡೆಟ್‌ಫರ್ಡಿನಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ, ಪ್ರತಿ ದಿಕ್ಕಿನಲ್ಲಿಯೂ ಸೂಜಿಯ ತಪ್ಪನ್ನು ಅಳೆದ. ಹಡಗಿನ ಕಬ್ಬಿಣ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆಂದು ಅವನ ಗಣಿತ ತೋರಿಸಿತು. ಶಾಶ್ವತವಾಗಿ ಕಾಂತವಾಗಿರುವ ಗಡಸು ಕಬ್ಬಿಣ ಒಂದು. ಹಡಗು ತಿರುಗಿದಂತೆ ತನ್ನ ಕಾಂತಶಕ್ತಿಯನ್ನು ಬದಲಿಸಿಕೊಳ್ಳುವ ಮೆದು ಕಬ್ಬಿಣ ಇನ್ನೊಂದು. ಮೊದಲನೆಯದಕ್ಕೆ ಎದುರಾಗಿ ಸಣ್ಣ ಅಯಸ್ಕಾಂತಗಳನ್ನೂ, ಎರಡನೆಯದಕ್ಕೆ ಎದುರಾಗಿ ಮೆದು ಕಬ್ಬಿಣದ ತುಂಡುಗಳನ್ನೂ ದಿಕ್ಸೂಚಿಯ ಸುತ್ತ ಇಟ್ಟು ಅವನು ಸೂಜಿಯನ್ನು ಸರಿಪಡಿಸಿದ. ನಮ್ಮ ಕಾರಿನ ಬಿಲ್ಲೆ ಇಂದು ಮಾಡುವುದೂ ಇದೇ ಲೆಕ್ಕವನ್ನೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಆದರೆ ಲೆಕ್ಕ ಗೊತ್ತಾದ ಮಾತ್ರಕ್ಕೆ ಅಪಾಯ ತಪ್ಪಲಿಲ್ಲ. 1854ರ ಜನವರಿ 19ರಂದು ‘ಟೇಲರ್’ ಎಂಬ ಹೊಸ ಕಬ್ಬಿಣದ ಹಡಗು ಲಿವರ್‌ಪೂಲಿನಿಂದ ಮೆಲ್ಬರ್ನಿಗೆ ತನ್ನ ಮೊದಲ ಪಯಣ ಹೊರಟಿತು. ಒಳಗಿದ್ದವರಲ್ಲಿ ಹೆಚ್ಚಿನವರು ಹೊಸ ನಾಡಿನಲ್ಲಿ ಬದುಕು ಕಟ್ಟಿಕೊಳ್ಳಲು ಹೆಂಡತಿ ಮಕ್ಕಳೊಡನೆ ಹೊರಟ ವಲಸಿಗರು. ಹಡಗಿನ ದಿಕ್ಸೂಚಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ದಕ್ಷಿಣಕ್ಕೆ ಸಾಗುತ್ತಿದ್ದೇವೆಂದು ನಾವಿಕರು ನಂಬಿದ್ದಾಗ ಹಡಗು ಐರ್ಲೆಂಡಿನ ದಡದತ್ತ ಪಶ್ಚಿಮಕ್ಕೆ ಸರಿಯುತ್ತಿತ್ತು. ಎರಡೇ ದಿನಕ್ಕೆ, ಜನವರಿ 21ರಂದು, ಡಬ್ಲಿನ್ ಸಮೀಪದ ಲ್ಯಾಂಬೇ ದ್ವೀಪದ ಬಂಡೆಗಳಿಗೆ ಅಪ್ಪಳಿಸಿತು. ಮುನ್ನೂರಕ್ಕೂ ಮಿಕ್ಕಿದ ಜನ ನೀರುಪಾಲಾದರು. ದುಡಿಮೆಗಾಗಿ ಊರು ಬಿಟ್ಟು ಬಂದ ನಮಗೆ ಈ ಸುದ್ದಿ ಬರಿಯ ಇತಿಹಾಸವಾಗಿ ಕೇಳಿಸುವುದಿಲ್ಲ. ಹಗ್ಗಪಟಗಳ ದೋಷವೂ ಹೊಸ ನಾವಿಕರ ಅನನುಭವವೂ ಈ ದುರಂತದಲ್ಲಿ ಸೇರಿದ್ದವು, ನಿಜ. ಆದರೂ ಕಬ್ಬಿಣದ ಒಡಲು ದಿಕ್ಸೂಚಿಗೆ ಹೇಳಿದ ಸುಳ್ಳನ್ನು ಯಾರೂ ಮರೆಯಲಾಗಲಿಲ್ಲ.

ಧ್ರುವಪ್ರದೇಶದಲ್ಲಿ ತಿಮಿಂಗಿಲ ಬೇಟೆಯಾಡಿ ಬಳಿಕ ಪಾದ್ರಿಯಾದ ವಿಲಿಯಂ ಸ್ಕೋರ್ಸ್‌ಬಿ ಈಗ ಏರಿಯ ವಿಧಾನದ ವಿರುದ್ಧ ದನಿಯೆತ್ತಿದ. ಬಂದರಿನಲ್ಲಿ ಒಮ್ಮೆ ಮಾಡಿದ ತಿದ್ದುಪಡಿಯನ್ನೇ ನಂಬಿ ಕೂರಬಾರದು. ಅಲೆಗಳ ಹೊಡೆತಕ್ಕೆ ಹಡಗಿನ ಕಾಂತಶಕ್ತಿ ಮಾರ್ಪಡುತ್ತದೆ ಎಂಬುದು ಅವನ ವಾದ. ಇದನ್ನು ಪರೀಕ್ಷಿಸಲು 1856ರಲ್ಲಿ, ಇಳಿವಯಸ್ಸಿನಲ್ಲಿ, ‘ರಾಯಲ್ ಚಾರ್ಟರ್’ ಹಡಗನ್ನೇರಿ ಮೆಲ್ಬರ್ನಿಗೆ ಹೋಗಿಬಂದ. ಹಡಗಿನ ಕಾಂತಗುಣ ದಾರಿಯಲ್ಲಿ ಬದಲಾದದ್ದು ನಿಜವಾಯಿತು. ಕಬ್ಬಿಣದಿಂದ ದೂರವಾಗಿ ಕಂಬದ ಮೇಲೆ ಇನ್ನೊಂದು ದಿಕ್ಸೂಚಿಯನ್ನು ಇಡಬೇಕೆಂದು ಅವನು ಸಲಹೆಯಿತ್ತ. ಮರುವರ್ಷ ತೀರಿಕೊಂಡ.

ತಿದ್ದುಪಡಿ ಬೇಕೆಂದ ಏರಿಯೂ ಸರಿ, ತಿದ್ದುಪಡಿಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂದ ಸ್ಕೋರ್ಸ್‌ಬಿಯೂ ಸರಿ. ಇಬ್ಬರ ಮಾತನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. 1876ರಲ್ಲಿ ಪೇಟೆಂಟ್ ಪಡೆದ ಅವನ ದಿಕ್ಸೂಚಿಯ ಪೀಠದಲ್ಲಿ ಎಡಬಲಕ್ಕೆ ಎರಡು ಕಬ್ಬಿಣದ ಗುಂಡುಗಳು, ಒಳಗೆ ಬೇಕಾದಾಗ ಸರಿಸಬಹುದಾದ ಅಯಸ್ಕಾಂತಗಳು, ಮುಂದೆ ಫ್ಲಿಂಡರ್ಸ್ ಸಲಾಕೆ. ನಾವಿಕ ತಾನೇ ಸಮುದ್ರದ ಮೇಲೆ ತಿದ್ದಿಕೊಳ್ಳಬಹುದು. ಬ್ರಿಟಿಷ್ ನೌಕಾಪಡೆ 1889ರಲ್ಲಿ ಇದನ್ನು ಒಪ್ಪಿಕೊಂಡಿತು.

ಟ್ರಾಮಿಗೆ ಹೆದರಿ ಊರು ಬಿಟ್ಟ ಸೂಜಿ

ಇಷ್ಟರಲ್ಲಿ ನೆಲದ ಮೇಲೂ ಕಬ್ಬಿಣದ ಜೊತೆಗೆ ವಿದ್ಯುತ್ತು ಸೇರಿಕೊಂಡಿತು. ಇದಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. ಕೊಲಾಬಾದ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ಕುದುರೆ ಎಳೆಯುತ್ತಿದ್ದ ಟ್ರಾಮುಗಳನ್ನು ವಿದ್ಯುತ್ತಿನಿಂದ ಓಡಿಸುವ ಯೋಜನೆ ಬಂದಾಗ ಈ ಅಳತೆಗಳು ಕೆಡುವುದು ಖಚಿತವಾಯಿತು. ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕರಾದ ಎನ್. ಎ. ಎಫ್. ಮೂಸ್ ಅವರು ಸಮುದ್ರದಾಚೆಯ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ಕಟ್ಟಿಸಿದರು. ಅಲ್ಲಿ 1904ರಲ್ಲಿ ಕೆಲಸ ಆರಂಭವಾಯಿತು. ಕಟ್ಟಡಕ್ಕೆ ಪೋರಬಂದರಿನ ಕಲ್ಲನ್ನು ತರಿಸಿದರು, ಕಾಂತಗುಣವಿರುವ ಯಾವುದನ್ನೂ ಬಳಸಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಕೊಂಡಿ ಹಾಕಿದರು. 1907ರಲ್ಲಿ ಮುಂಬಯಿಯ ಬೀದಿಯಲ್ಲಿ ವಿದ್ಯುತ್ ಟ್ರಾಮು ಓಡಿತು. ಟ್ರಾಮು 1964ರಲ್ಲಿ ನಿಂತುಹೋಯಿತು; ಅಲಿಬಾಗಿನ ಕೆಲಸ ಮಾತ್ರ ನಿಲ್ಲಲಿಲ್ಲ.

ಮರಳುಗಾಡಿನ ಮೋಟಾರು

ಮೋಟಾರು ಗಾಡಿ ಎಂದರೆ ಚಿಕ್ಕದೊಂದು ಕಬ್ಬಿಣದ ಹಡಗೇ ಸರಿ. ಅದರ ಜೊತೆಗೆ ಒಂದು ಡೈನಮೊ, ಒಂದು ಬ್ಯಾಟರಿ, ಮೈತುಂಬ ತಂತಿ. 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರಳುಗಾಡನ್ನು ಸುತ್ತಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್‌ಗೆ ಇದರ ಕಷ್ಟ ಚೆನ್ನಾಗಿ ತಿಳಿದಿತ್ತು. ಕಾಂತ ದಿಕ್ಸೂಚಿಯನ್ನು ನೋಡಬೇಕಾದರೆ ಗಾಡಿ ನಿಲ್ಲಿಸಿ, ಇಳಿದು, ದೂರ ನಡೆದು ಹೋಗಬೇಕು. ಹಾಗಾಗಿ ಆತ ಅಯಸ್ಕಾಂತವನ್ನೇ ಕೈಬಿಟ್ಟು, ದುಂಡನೆಯ ತಟ್ಟೆಯ ನಡುವೆ ನಿಂತ ಕಡ್ಡಿಯ ನೆರಳಿನಿಂದ ದಿಕ್ಕು ತಿಳಿಯುವ ಸೂರ್ಯ ದಿಕ್ಸೂಚಿಯನ್ನು ಕಾರಿಗೆ ಕೂರಿಸಿದ. 1940ರಲ್ಲಿ ಆತ ಈಜಿಪ್ಟಿನಲ್ಲಿ ಕಟ್ಟಿದ ದೂರಗಾಮಿ ಮರುಭೂಮಿ ದಳ ಇದನ್ನೇ ನಂಬಿ ಶತ್ರುವಿನ ಬೆನ್ನ ಹಿಂದೆ ನೂರಾರು ಮೈಲಿ ಸಾಗುತ್ತಿತ್ತು. ಆ ದಳದೊಡನೆ ಭಾರತೀಯ ಸೈನಿಕರ ಒಂದು ತುಕಡಿಯೂ ದುಡಿದಿದೆ.

ಅಮೆರಿಕದಲ್ಲಿ 1930ರ ದಶಕದಿಂದ ಕಾರಿನ ಮುಂಗಾಜಿನ ಬಳಿ ಅಂಟಿಸುವ, ದ್ರವ ತುಂಬಿದ ಗುಂಡುಗಾಜಿನ ದಿಕ್ಸೂಚಿಗಳು ಮಾರಾಟಕ್ಕೆ ಬಂದವು. ಅವುಗಳ ತಳದಲ್ಲಿ ಎರಡು ತಿರುಪುಗಳಿರುತ್ತಿದ್ದವು. ಒಂದು ಉತ್ತರ ದಕ್ಷಿಣಕ್ಕೆ, ಇನ್ನೊಂದು ಪೂರ್ವ ಪಶ್ಚಿಮಕ್ಕೆ. ಅವನ್ನು ಹಿತ್ತಾಳೆಯ ತಿರುಪುಳಿಯಿಂದಲೇ ತಿರುಗಿಸಬೇಕು. ಒಳಗಿದ್ದದ್ದು ಏರಿಯ ಅಯಸ್ಕಾಂತಗಳೇ, ಕಡಲೆಕಾಳಿನಷ್ಟು ಚಿಕ್ಕದಾಗಿ.

ಸೂಜಿಯೇ ಇಲ್ಲದ ದಿಕ್ಸೂಚಿ ಹುಟ್ಟಿದ್ದು ಅದೇ ದಶಕದಲ್ಲಿ. 1936ರಲ್ಲಿ ಜರ್ಮನಿಯ ಆಶೆನ್‌ಬ್ರೆನರ್ ಮತ್ತು ಗೌಬೌ ‘ಫ್ಲಕ್ಸ್‌ಗೇಟ್’ ತತ್ತ್ವವನ್ನು ವಿವರಿಸಿದರು. ವಿಶೇಷ ಮಿಶ್ರಲೋಹದ ತಿರುಳಿಗೆ ಸುರುಳಿ ಸುತ್ತಿ ಪರ್ಯಾಯ ವಿದ್ಯುತ್ತನ್ನು ಹರಿಸಿ, ಅದು ಎರಡೂ ಕಡೆಗೆ ಸರದಿಯಂತೆ ಕಾಂತತೃಪ್ತವಾಗುವಂತೆ ಮಾಡುತ್ತಾರೆ. ಭೂಮಿಯ ಕ್ಷೇತ್ರ ಒಂದು ಕಡೆಗೆ ನೆರವಾಗಿ ಇನ್ನೊಂದು ಕಡೆಗೆ ಅಡ್ಡಿಯಾಗುವುದರಿಂದ ಎರಡರ ಸಮತೋಲ ತಪ್ಪುತ್ತದೆ. ಆ ವ್ಯತ್ಯಾಸವೇ ದಿಕ್ಕಿನ ಸುದ್ದಿ. ಸುದ್ದಿ ತಂತಿಯ ಮೂಲಕ ಬರುವುದರಿಂದ ಅಳೆಯುವ ಜಾಗ ಒಂದು ಕಡೆ, ನೋಡುವ ಜಾಗ ಇನ್ನೊಂದು ಕಡೆ ಇರಬಹುದು. ಎರಡನೆಯ ಮಹಾಯುದ್ಧದ ಅಮೆರಿಕನ್ ಬಾಂಬರ್ ವಿಮಾನಗಳಲ್ಲಿ ಫ್ಲಕ್ಸ್‌ಗೇಟನ್ನು ಎಂಜಿನ್ನಿನಿಂದ ದೂರವಾಗಿ ರೆಕ್ಕೆಯೊಳಗೆ ಇಟ್ಟರು. ಸ್ಕೋರ್ಸ್‌ಬಿಯ ಕಂಬದ ತುದಿಯೇ ಇದು!

ಇದೇ ಬಗೆಯ ದಿಕ್ಸೂಚಿ 1985ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹಳೆಯ ಕಾರುಗಳನ್ನು ಏರಿತು. ‘ಈಟ್ಯಾಕ್ ನ್ಯಾವಿಗೇಟರ್’ ಎಂಬ ಆ ಸಾಧನವನ್ನು ಕಾರು ಕೊಂಡ ಮೇಲೆ ಜೋಡಿಸಿಕೊಳ್ಳಬೇಕಾಗಿತ್ತು. ಹಿಂಗಾಜಿನ ಬಳಿ ದಿಕ್ಸೂಚಿ, ಚಕ್ರಗಳಿಗೆ ಸುತ್ತೆಣಿಸುವ ಸಾಧನ, ಕ್ಯಾಸೆಟ್ ಪಟ್ಟಿಯಲ್ಲಿ ಊರಿನ ನಕ್ಷೆ. ಚಕ್ರದ ಲೆಕ್ಕದಲ್ಲಿ ಮಾ ಜುನ್‌ನ ರಥವೂ ದಿಕ್ಕಿನ ಲೆಕ್ಕದಲ್ಲಿ ಶೆನ್ ಕುವೊನ ಸೂಜಿಯೂ ಒಂದೇ ಗಾಡಿಯಲ್ಲಿ ಕೂಡಿದವು. ತಪ್ಪು ಬೆಳೆದಾಗ ನಕ್ಷೆಯ ರಸ್ತೆಗಳಿಗೆ ಹೊಂದಿಸಿ ತಿದ್ದಿಕೊಳ್ಳುವ ಜಾಣತನವನ್ನು ಗಣಕಕ್ಕೆ ಕಲಿಸಿದ್ದರು. 1990ರ ದಶಕದಲ್ಲಿ ಅಮೆರಿಕದ ಕಾರುಗಳ ಹಿನ್ನೋಟದ ಕನ್ನಡಿಯೊಳಗೇ ದಿಕ್ಸೂಚಿ ಸೇರಿತು.

ಕೆಲ್ವಿನ್ನನ ಇನ್ನೊಂದು ಕಾಣಿಕೆ

ಇಂದಿನ ಬಿಲ್ಲೆಯ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ದಿಕ್ಸೂಚಿಯ ಪೀಠವನ್ನು ರೂಪಿಸುವುದಕ್ಕೆ ಸುಮಾರು 20 ವರ್ಷ ಮೊದಲೇ, 1856-57ರಲ್ಲಿ, ಇದೇ ಥಾಮ್ಸನ್ ಒಂದು ಸಣ್ಣ ಸಂಗತಿಯನ್ನು ಕಂಡುಹಿಡಿದಿದ್ದ. ಕಬ್ಬಿಣ, ನಿಕ್ಕಲ್‌ಗಳ ವಿದ್ಯುತ್ ತಡೆ ಅವುಗಳಲ್ಲಿನ ಕಾಂತಶಕ್ತಿಯ ದಿಕ್ಕಿಗೆ ತಕ್ಕಂತೆ ತುಸು ಬದಲಾಗುತ್ತದೆ ಎಂಬುದೇ ಅದು. ಆ ಕಾಲಕ್ಕೆ ಇದರಿಂದ ಯಾರಿಗೂ ಉಪಯೋಗವಾಗಲಿಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಕಳೆದ ಬಳಿಕ, ನಿಕ್ಕಲ್ ಕಬ್ಬಿಣಗಳ ತೆಳುಪದರವನ್ನು ಸಿಲಿಕಾನ್ ಮೇಲೆ ಹಾಸುವ ವಿದ್ಯೆ ಬಂದಾಗ, ಅದೇ ಗುಣದಿಂದ 3 ಮಿಲಿಮೀಟರ್ ಚೌಕದ ದಿಕ್ಸೂಚಿ ತಯಾರಾಯಿತು. ಹಾಲ್ ಪರಿಣಾಮದಿಂದ ನಡೆಯುವ ಬಿಲ್ಲೆಗಳೂ ಉಂಟು. ಅದು 1879ರ ಶೋಧ.

ಪದ್ಮಿನಿಗೆ ದಿಕ್ಸೂಚಿ

ಈಗ ನಮ್ಮ ಹಳೆಯ ಕಾರಿಗೆ ಬರೋಣ. ಮುಂಬಯಿಯಲ್ಲಿ ದಶಕಗಟ್ಟಲೆ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರಿನಲ್ಲಿ ಆ ಸೇವೆಯಿಂದ ನಿವೃತ್ತವಾದ ಪ್ರೀಮಿಯರ್ ಪದ್ಮಿನಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಕಾರು ಸಂಗ್ರಾಹಕರ ಮನೆಗಳಲ್ಲಿ ಅದು ಇನ್ನೂ ಉಳಿದಿದೆ. ಉಕ್ಕಿನ ಮೈ, ಉಕ್ಕಿನ ಮುಂಪಟ್ಟಿ, 12 ವೋಲ್ಟ್ ಬ್ಯಾಟರಿ. ವಿದ್ಯುತ್ತು ಒಂದು ತಂತಿಯಲ್ಲಿ ಹೋಗಿ ಕಾರಿನ ಮೈಯ ಮೂಲಕ ಹಿಂತಿರುಗುತ್ತದೆ. ಇದೇ ಮುಖ್ಯ ತೊಡಕು. ಹೋಗುವ ತಂತಿಯೂ ಬರುವ ತಂತಿಯೂ ಜೊತೆಯಾಗಿದ್ದರೆ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ, ಇಲ್ಲಿ ಹಾಗಾಗುವುದಿಲ್ಲ.

ಒಂದು ಸಣ್ಣ ಲೆಕ್ಕ. 5 ಆಂಪಿಯರ್ ಹರಿಯುವ ದೀಪದ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 10 ಮೈಕ್ರೊಟೆಸ್ಲಾ. ಮುಂಬಯಿಯಲ್ಲಿ ಭೂಮಿಯ ಕ್ಷೇತ್ರದ ಮಟ್ಟಸವಾದ ಅಂಶವೇ ಸುಮಾರು 38. ಅಂದಮೇಲೆ ದೀಪ ಹಾಕಿದೊಡನೆ ದಿಕ್ಕು 15 ಡಿಗ್ರಿಯವರೆಗೂ ಕದಲಬಹುದು! ದೂರವನ್ನು 50 ಸೆಂಟಿಮೀಟರಿಗೆ ಏರಿಸಿದರೆ ತಪ್ಪು 3 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಬಿಲ್ಲೆಯನ್ನು ಮುಂಪಟ್ಟಿಯ ಹಿಂದೆ ಅಡಗಿಸದೆ ಮುಂಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಬಳಿ ಕೂರಿಸುವುದು ಮೇಲು. ರೇಡಿಯೊ ಸ್ಪೀಕರಿನಿಂದಲೂ ವೈಪರಿನ ಮೋಟಾರಿನಿಂದಲೂ ಆದಷ್ಟು ದೂರವಿರಲಿ. ಹಿತ್ತಾಳೆ ಇಲ್ಲವೆ ನೈಲಾನ್ ತಿರುಪುಗಳನ್ನೇ ಬಳಸಬೇಕು. ಬಿಲ್ಲೆಗೆ ಹೋಗುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಒಯ್ಯಬೇಕು. 12 ವೋಲ್ಟನ್ನು ಬಿಲ್ಲೆ ತಾಳುವಷ್ಟಕ್ಕೆ ಇಳಿಸಿಕೊಡಬೇಕು.

ಆಮೇಲೆ ತಿದ್ದುಪಡಿ. ರೈಲು ಹಳಿ, ಉಕ್ಕಿನ ಸೇತುವೆ, ನೆಲಮಾಳಿಗೆಯ ಪಾರ್ಕಿಂಗ್ ಇವುಗಳಿಂದ ದೂರದ ಬಯಲಿಗೆ ಕಾರನ್ನು ಒಯ್ದು, ಎಂಜಿನ್ ನಡೆಯುತ್ತಿರುವಾಗಲೇ ನಿಧಾನವಾಗಿ ಒಂದೆರಡು ಪೂರ್ತಿ ಸುತ್ತು ತಿರುಗಿಸಬೇಕು. ಏರಿ ರೈನ್‌ಬೋ ಹಡಗನ್ನು ತಿರುಗಿಸಿದ್ದು ಹೀಗೆಯೇ. ಕಾರಿನ ಕಬ್ಬಿಣ ಅಡ್ಡಬರದಿದ್ದರೆ ಬಿಲ್ಲೆಯ ಎರಡು ಅಳತೆಗಳನ್ನು ಕಾಗದದ ಮೇಲೆ ಗುರುತಿಸಿದಾಗ ಸೊನ್ನೆಯನ್ನು ನಡುವಿಟ್ಟ ವೃತ್ತ ಮೂಡುತ್ತದೆ. ಗಡಸು ಕಬ್ಬಿಣ ಈ ವೃತ್ತವನ್ನು ಪಕ್ಕಕ್ಕೆ ಸರಿಸುತ್ತದೆ, ಮೆದು ಕಬ್ಬಿಣ ಅದನ್ನು ಮೊಟ್ಟೆಯಾಕಾರಕ್ಕೆ ಹಿಸುಕುತ್ತದೆ. ವೃತ್ತ ಸೊನ್ನೆಯನ್ನೇ ಬಿಟ್ಟು ಆಚೆ ಸರಿದುಹೋದರೆ ಪರದೆಯ ಮೇಲೆ ಸದಾ ಒಂದೇ ದಿಕ್ಕಿನ ಆಸುಪಾಸು ಕಾಣುವುದು. ಮೊದಲು ಹೇಳಿದ ಒಗಟಿಗೆ ಉತ್ತರ ಇದೇ. ಗಣಕ ಹೊಸ ಕೇಂದ್ರವನ್ನು ಹುಡುಕಿ ಅಷ್ಟನ್ನು ಕಳೆಯುತ್ತದೆ. ಏರಿ ಅಯಸ್ಕಾಂತವಿಟ್ಟು ಕಳೆದುದನ್ನು ನಾವು ಅಂಕಿಯಿಂದ ಕಳೆಯುತ್ತೇವೆ, ಅಷ್ಟೇ.

ನಮ್ಮ ನಾಡಿನ ಭಾಗ್ಯವನ್ನೂ ಹೇಳಬೇಕು. ಅಮೆರಿಕದ ಪೂರ್ವ ಪಶ್ಚಿಮ ತೀರಗಳಲ್ಲಿ ದಿಕ್ಪಾತ 15 ಡಿಗ್ರಿಯ ಸುತ್ತಮುತ್ತ ಇರುವುದರಿಂದ ಅಲ್ಲಿನ ಸಾಧನಗಳಿಗೆ ಪ್ರಾಂತ್ಯದ ಸಂಖ್ಯೆಯನ್ನು ತಿಳಿಸಬೇಕಾಗುತ್ತದೆ. ಮುಂಬಯಿಯಲ್ಲಿ ಅದು ಒಂದು ಡಿಗ್ರಿಗೂ ಕಡಿಮೆ; ಬೆಂಗಳೂರು, ಚೆನ್ನೈಗಳಲ್ಲಿ ಒಂದೆರಡು ಡಿಗ್ರಿ. ಕಾಂತ ಸಮಭಾಜಕ ನಮ್ಮ ದಕ್ಷಿಣದ ತುದಿಯ ಸಮೀಪ ಹಾಯುವುದರಿಂದಲೇ 1963ರಲ್ಲಿ ತುಂಬಾದಲ್ಲಿ ರಾಕೆಟ್ ನೆಲೆ ಬಂದಿತು. ಅದರ ಸಮೀಪದಲ್ಲಿ ಭೂಮಿಯ ಕಾಂತರೇಖೆಗಳು ಬಹುಮಟ್ಟಿಗೆ ನೆಲಕ್ಕೆ ಸಮನಾಗಿ ಸಾಗುತ್ತವೆ. ಲಂಡನ್ನಿನಲ್ಲಿ ಅವು ಸುಮಾರು 66 ಡಿಗ್ರಿ ಕೆಳಮುಖ, ಮುಂಬಯಿಯಲ್ಲಿ 25ರ ಆಸುಪಾಸು. ಹಾಗಾಗಿ ಘಟ್ಟ ಹತ್ತುವಾಗ ಕಾರು ಓರೆಯಾದರೂ ನಮ್ಮ ದಿಕ್ಸೂಚಿ ಅಲ್ಲಿಯಷ್ಟು ತಪ್ಪುವುದಿಲ್ಲ.

ಜಿಪಿಎಸ್ ಇರುವಾಗ ಇದೆಲ್ಲ ಏಕೆ ಎಂದು ಕೆಲವರು ಕೇಳಿಯಾರು. ಉಪಗ್ರಹ ನೀವಿರುವ ಜಾಗವನ್ನು ಹೇಳುತ್ತದೆ. ನೀವು ಮುಖ ಮಾಡಿರುವ ದಿಕ್ಕನ್ನು ನೀವು ಚಲಿಸಿದ ಮೇಲೆ ಲೆಕ್ಕಹಾಕುತ್ತದೆ. ನಿಂತ ಕಾರಿಗೆ ದಿಕ್ಕು ಹೇಳುವುದು ಈಗಲೂ ಶೆನ್ ಕುವೊನ ಸೂಜಿಯ ಸಂತತಿಯೇ.

ಎರಡು ಸಾವಿರ ವರ್ಷಗಳ ವಿದ್ಯೆ ಇಂದು ಒಂದು ಬಿಲ್ಲೆಯಲ್ಲಿ ಅಡಕವಾಗಿ ಅಂಗಡಿಯಲ್ಲಿ ಸಿಗುತ್ತದೆ. ತಿದ್ದುಪಡಿಯೊಂದು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಕಾರಿನ ಸುಳ್ಳು ಇನ್ನೊಂದರದಂತಿಲ್ಲ. ಅದನ್ನು ಆ ಕಾರಿನ ಒಡೆಯನೇ ಅಳೆದುಕೊಳ್ಳಬೇಕು. ಮೈಗೆ ಬೆಸುಗೆ ಹಾಕಿಸಿದಾಗ, ಹೊಸ ಸ್ಪೀಕರ್ ಕೂರಿಸಿದಾಗ, ಮತ್ತೊಮ್ಮೆ ಅಳೆಯಬೇಕು. ಹಡಗುಗಳಲ್ಲಿ ವಿಚಲನೆಯ ಪಟ್ಟಿಯೊಂದನ್ನು ಬರೆದು ದಿಕ್ಸೂಚಿಯ ಬಳಿ ಇಡುವ ಸಂಪ್ರದಾಯವಿದೆ. ನಮ್ಮ ಕಾರಿಗೂ ಅಂಥದೊಂದು ಇರಲಿ: ಅಷ್ಟದಿಕ್ಕುಗಳಿಗೆ ಎಂಟು ಸಾಲು, ಪ್ರತಿಯೊಂದರ ಎದುರಿಗೆ ಬಿಲ್ಲೆ ತೋರಿದ ಅಂಕಿ, ಕೊನೆಗೆ ತಾರೀಖು. ಮೊದಲ ಸಾಲನ್ನು ತುಂಬಲು ಯಾವ ಯಂತ್ರವೂ ಬೇಡ. ಮಾರ್ಚ್ 21ರ ಇಲ್ಲವೆ ಸೆಪ್ಟೆಂಬರ್ 23ರ ಆಸುಪಾಸಿನ ಬೆಳಿಗ್ಗೆ ಉದಯಿಸುವ ಸೂರ್ಯನಿಗೆ ನೇರವಾಗಿ ಕಾರಿನ ಮೂತಿ ತಿರುಗಿಸಿ ನಿಲ್ಲಿಸಿದರೆ, ಅದೇ ನಮ್ಮ ಹಿರಿಯರ ಮೂಡಣ.